ಪ್ರಾಕ್ಸ್‌ಮಾಕ್ಸ್ ಮೊದಲೋ, ವಿಎಂವೇರ್ ಮೊದಲೋ?

ಬದಿಯಡ್ಕದಲ್ಲೋ ಮಂಜೇಶ್ವರದಲ್ಲೋ ಮನೆಯಲ್ಲೇ ಕೂತು ಕಲಿತು, ಮಂಗಳೂರಿನಲ್ಲಿ ಸರ್ವರ್ ಕೆಲಸ ಹುಡುಕುವವರು ನನ್ನಲ್ಲಿ ಇದನ್ನೇ ಕೇಳುತ್ತಾರೆ: ಒಂದೇ ಸರ್ವರ್‌ನಲ್ಲಿ ಹಲವು ವಿಎಂ (ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಮಾಡಿದ ಕಂಪ್ಯೂಟರ್) ಓಡಿಸುವ ಈ ಎರಡರಲ್ಲಿ ಯಾವುದನ್ನು ಮೊದಲು ಕಲಿಯಬೇಕು? ನಾನು ಹೇಳುವುದು: ಮೊದಲು ಪ್ರಾಕ್ಸ್‌ಮಾಕ್ಸ್.

ದುಡ್ಡು ಒಂದು ಕಾರಣ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು), ಎಚ್‌ಎ (ಹೈ ಅವೈಲಬಿಲಿಟಿ, ಒಂದು ಸರ್ವರ್ ಕೆಟ್ಟರೆ ಅದರ ವಿಎಂ ಇನ್ನೊಂದರಲ್ಲಿ ಎಬ್ಬಿಸುವುದು) ಎರಡೂ ಉಚಿತ. ವಿಎಂವೇರ್‌ನ ಉಚಿತ ಇಎಸ್‌ಎಕ್ಸ್‌ಐ (ಸರ್ವರ್‌ನಲ್ಲಿ ವಿಎಂ ಓಡಿಸುವ ಭಾಗ) 2024ರಲ್ಲಿ ನಿಂತು, 2025ರಲ್ಲಿ ಮತ್ತೆ ಬಂತು. ಆದರೆ ಅದನ್ನು ಎಲ್ಲ ಸರ್ವರ್‌ಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವಿಸೆಂಟರ್‌ಗೆ ಸೇರಿಸಲು ಆಗುವುದಿಲ್ಲ. ವಿಸೆಂಟರ್ ಇಲ್ಲದೆ ಎಚ್‌ಎ ಕ್ಲಸ್ಟರ್ ಕಟ್ಟುವುದು ಹೇಗೆ, ಅಲ್ವಾ?

ಇನ್ನೊಂದು ಕಾರಣ, ಪ್ರಾಕ್ಸ್‌ಮಾಕ್ಸ್‌ನ ಒಳಗನ್ನು ಬಿಚ್ಚಿ ನೋಡಬಹುದು. ಕೆಳಗಿರುವುದು ಡೆಬಿಯನ್ ಲಿನಕ್ಸ್, ವಿಎಂ ಓಡಿಸುವ ಕೆವಿಎಂ, ಸರ್ವರ್‌ಗಳು ಪರಸ್ಪರ ಮಾತಾಡಲು ಕೊರೊಸಿಂಕ್. 32 ಜಿಬಿ ರ‍್ಯಾಮ್‌ನ ಒಂದೇ ಕಂಪ್ಯೂಟರಿನೊಳಗೆ ಮೂರು ನೋಡ್ (ಕ್ಲಸ್ಟರ್‌ನ ಒಂದೊಂದು ಸರ್ವರ್, ಇಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿದ ವಿಎಂ) ಎಬ್ಬಿಸಿ. ಮೂರೇ ಯಾಕೆ? ಎರಡೇ ಇದ್ದು ನಡುವಿನ ಸಂಪರ್ಕ ಕಡಿದರೆ ಯಾರಿಗೂ ಬಹುಮತ ಇಲ್ಲ. ಮೂರಿದ್ದರೆ ಒಂದು ಹೋದರೂ ಉಳಿದ ಎರಡು ಸೇರಿ ತೀರ್ಮಾನಿಸುತ್ತವೆ. ಈ ಬಹುಮತವೇ ಕ್ವೋರಂ. ವಿಎಂಗಳ ಡಿಸ್ಕ್‌ಗಳನ್ನು ಮೂರು ನೋಡ್‌ಗೂ ಸಿಗುವ ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಸ್ಟೋರೇಜ್) ಇಡಿ. ಈಗ ಒಂದು ನೋಡ್ ಅನ್ನು ಸುಮ್ನೆ ಆಫ್ ಮಾಡಿ. ಒಂದೆರಡು ನಿಮಿಷ ಕಾಯಿರಿ. ಅದರಲ್ಲಿದ್ದ, ಎಚ್‌ಎಗೆ ಸೇರಿಸಿದ ವಿಎಂ ಬೇರೆ ನೋಡ್‌ನಲ್ಲಿ ಹೊಸದಾಗಿ ಬೂಟ್ ಆಗುತ್ತದೆ. ರ‍್ಯಾಮ್‌ನಲ್ಲಿದ್ದದ್ದು ಹೋಯಿತು. ಎಚ್‌ಎ ಅಂದರೆ ಒಂದು ಕ್ಷಣವೂ ನಿಲ್ಲದು ಅಂತ ಅಲ್ಲ, ಇದನ್ನು ಕಣ್ಣಾರೆ ನೋಡಲೇಬೇಕು.

ಮಳೆಗಾಲದ ಕರೆಂಟ್ ನಂಬಿ ಲ್ಯಾಬ್ ಇಡಬೇಡಿ, ಯುಪಿಎಸ್ ಬೇಕು.

ವಿಎಂವೇರ್ ಕಡೆಗಣಿಸಬೇಡಿ. ದೊಡ್ಡ ಕಂಪನಿಗಳಲ್ಲಿ ಅದು ಇನ್ನೂ ಜಾಸ್ತಿ ಇದೆ. ಅಂಥ ಕೆಲಸಕ್ಕೇ ಅರ್ಜಿ ಹಾಕುವವರು ವಿಮೋಷನ್ (ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಬೇರೆ ಸರ್ವರ್‌ಗೆ ಸಾಗಿಸುವುದು), ಡಿಆರ್‌ಎಸ್ (ಸರ್ವರ್‌ಗಳ ನಡುವೆ ಹೊರೆ ತಾನಾಗಿ ಹಂಚುವುದು) ಎರಡನ್ನೂ ಓದಿಕೊಂಡು ಹೋಗಿ.