ಗ್ಯಾರೇಜಿನ ಹೀಟರಿಗೆ ಗುರುತಿಲ್ಲದ ಎಣ್ಣೆ ಹಾಕಬೇಡಿ

ಹುಬ್ಬಳ್ಳಿ-ಧಾರವಾಡದ ಹೊರವಲಯದಲ್ಲಿ ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಅಕ್ಕಪಕ್ಕದಲ್ಲಿ ಲಾರಿ ರಿಪೇರಿಯ ಗ್ಯಾರೇಜುಗಳು ರಾತ್ರಿಯೂ ಕೆಲಸ ಮಾಡುತ್ತವೆ. ಎಳ್ಳ ಅಮಾವಾಸ್ಯೆ ಸಮೀಪಿಸಿತೆಂದರೆ ಬಯಲಿನ ಗಾಳಿ ತಗಡಿನ ಶೆಡ್ಡಿನೊಳಗೆ ನೇರವಾಗಿ ನುಗ್ಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ಪಾನಾ ಹಿಡಿದ ಬೆರಳು ಮಡಚುವುದಿಲ್ಲ, ಲಾರಿಯ ಮೈಗೆ ಹಚ್ಚಿದ ಪುಟ್ಟಿ ಒಣಗುವುದಿಲ್ಲ. ಹಾಗಾಗಿ ಕೋಳಿ ಫಾರಂನವರು ಮರಿಗಳಿಗೆ ಕಾವು ಕೊಡಲು ಬಳಸುವಂಥ, ಗಾಲಿಯ ಮೇಲೆ ತಳ್ಳಿಕೊಂಡು ಹೋಗುವ ಹೀಟರುಗಳು ಈಗ ಗ್ಯಾರೇಜುಗಳಿಗೂ ಬಂದಿವೆ. ಹೀಟರು ಕೊಳ್ಳುವಾಗ ನೂರು ಪ್ರಶ್ನೆ ಕೇಳುವ ನಮ್ಮವರು ಅದರೊಳಗೆ ಸುರಿಯುವ ಎಣ್ಣೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದಿರುವುದನ್ನು ನೋಡುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ನಮ್ಮ ಗ್ಯಾರೇಜಿನಲ್ಲಿ ನಡೆದದ್ದನ್ನು ವಿವರವಾಗಿ ಬರೆಯುತ್ತಿರುವುದು ಈ ಕಾರಣಕ್ಕೆ. ಅಂದು ನಮಗೆ ಎಣ್ಣೆ ಕೊಟ್ಟ ವ್ಯಕ್ತಿ ಈ ವರ್ಷವೂ ಅದೇ ಬಗೆಯ ಕ್ಯಾನುಗಳನ್ನು ಹೊತ್ತು ತಿರುಗುತ್ತಿದ್ದಾನೆಂದು ಪರಿಚಯದವರು ಹೇಳುತ್ತಿದ್ದಾರೆ.

ನಮ್ಮದು ಕೊಳವೆಯಾಕಾರದ ಹೀಟರು. ಕೆಳಗೆ ಎಣ್ಣೆಯ ಟ್ಯಾಂಕು, ಅದರ ಮೇಲೆ ಒಂದು ಗೇಣಿನಷ್ಟೂ ಅಂತರವಿಲ್ಲದಂತೆ ಉರಿಯುವ ಕೊಳವೆ, ಹಿಂದುಗಡೆ ಗಾಳಿ ತಳ್ಳುವ ಫ್ಯಾನು ಇರುತ್ತವೆ. ಒಳಗಿನ ಸಣ್ಣ ಪಂಪಿನ ಗಾಳಿಯ ಒತ್ತಡ ಎಣ್ಣೆಯನ್ನು ಟ್ಯಾಂಕಿನಿಂದ ಮೇಲೆಳೆದು ನಾಝಲ್ ಮೂಲಕ ಮಂಜಿನಂತೆ ಸಿಂಪಡಿಸುತ್ತದೆ, ಆ ಮಂಜು ಕಿಡಿ ತಾಗಿ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಮಾತ್ರ, ಪೆಟ್ರೋಲ್ ಮತ್ತು ಥಿನ್ನರ್ ನಿಷಿದ್ಧ ಎಂದು ಹೀಟರಿನ ಪಕ್ಕೆಯ ಫಲಕದಲ್ಲಿಯೇ ಬರೆದಿತ್ತು. ನಾವು ಅದನ್ನು ತಪ್ಪದೆ ಪಾಲಿಸಿದ್ದೆವು. ಪಡಿತರದ ನೀಲಿ ಎಣ್ಣೆಯನ್ನು ಮುಟ್ಟದೆ, ಮುಕ್ತ ಮಾರುಕಟ್ಟೆಯ ಬಿಳಿ ಸೀಮೆಎಣ್ಣೆಯನ್ನೇ ಹೆಚ್ಚಿನ ಬೆಲೆಗೆ ತರಿಸುತ್ತಿದ್ದೆವು. ತಂದುಕೊಡುವವನ ಮೊದಮೊದಲ ಎಣ್ಣೆ ಚೆನ್ನಾಗಿಯೇ ಇತ್ತು. ಬಿಲ್ಲು ಕೇಳಿದಾಗಲೆಲ್ಲ "ನಾಳಿ ಕೊಡ್ತೀನ್ರಿ" ಎನ್ನುತ್ತಿದ್ದ.

ಆ ರಾತ್ರಿ ಬಂದದ್ದು ಅಡುಗೆ ಎಣ್ಣೆಯ ಲೇಬಲ್ ಅರ್ಧ ಹರಿದಿದ್ದ ಬಿಳಿ ಪ್ಲಾಸ್ಟಿಕ್ ಕ್ಯಾನು. ನಮ್ಮ ಹುಡುಗ ಆರಿಸಿಟ್ಟಿದ್ದ, ತಣ್ಣಗಿದ್ದ ಹೀಟರಿಗೆ ಎಣ್ಣೆ ತುಂಬಿ, ಚೆಲ್ಲಿದ್ದನ್ನು ಒರೆಸಿ, ಮುಚ್ಚಳ ತಿರುಗಿಸಿ ಸ್ವಿಚ್ ಒತ್ತಿದ. ಎಂದಿನ ಒಂದೇ ಸಮನಾದ ಮೊರೆತದ ಬದಲು ಗುಡ್‌ಗುಡ್ ಎಂದು ತಡೆತಡೆದು ಬರುವ ಸದ್ದು ಕೇಳಿತು. ಕೊಳವೆಯೊಳಗೇ ನಿಲ್ಲಬೇಕಾದ ಉರಿ ಬಾಯಿಯಿಂದ ಮೊಳದುದ್ದ ಹೊರಗೆ ಚಾಚಿತು. ಅವನು ಸ್ವಿಚ್ ಆರಿಸಲು ಕೈ ಚಾಚಿದ ಗಳಿಗೆಯಲ್ಲಿ ಟ್ಯಾಂಕಿನ ಮುಚ್ಚಳದ ಸುತ್ತ ನೀಲಿಯಾದ, ಬೆಳಕಿನಲ್ಲಿ ಸರಿಯಾಗಿ ಕಾಣದಷ್ಟು ತೆಳುವಾದ ಬೆಂಕಿಯ ಉಂಗುರವೊಂದು ಎದ್ದು ಅವನ ಮುಂಗೈಯನ್ನು ಸುಟ್ಟಿತು. ಇನ್ನೊಬ್ಬರು ಗೋಡೆಯ ಪ್ಲಗ್ ಕಿತ್ತರು, ಮತ್ತೊಬ್ಬರು ಪುಡಿ ತುಂಬಿದ ಅಗ್ನಿಶಾಮಕ ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿದರು. ಎಂಜಿನ್ ಇಳಿಸಿ ನಿಲ್ಲಿಸಿದ್ದ ಲಾರಿ ಅಲ್ಲಿಂದ ನಾಲ್ಕು ಹೆಜ್ಜೆಯ ದೂರದಲ್ಲಿತ್ತು. ಅದರ ಡೀಸೆಲ್ ಟ್ಯಾಂಕಿಗೆ ಬೆಂಕಿ ಹಬ್ಬದಿದ್ದುದು ಆ ಸಿಲಿಂಡರ್ ಕೈಗೆಟುಕುವ ಜಾಗದಲ್ಲಿ ಇದ್ದುದರಿಂದ ಮಾತ್ರ. ಹುಡುಗನ ಕೈಯನ್ನು ಇಪ್ಪತ್ತು ನಿಮಿಷ ನಲ್ಲಿಯ ಹರಿಯುವ ನೀರಿನ ಕೆಳಗೆ ಹಿಡಿಸಿ ಆಸ್ಪತ್ರೆಗೆ ಕರೆದೊಯ್ದೆವು. ಪೇಸ್ಟು, ಬೆಣ್ಣೆ, ಇಂಕು ಯಾವುದನ್ನೂ ಹಚ್ಚದೆ ಬಂದದ್ದು ಒಳ್ಳೆಯದಾಯಿತೆಂದು ವೈದ್ಯರು ಹೇಳಿದರು. ಗಾಯ ಮಾಯಲು ಚಳಿಗಾಲವೆಲ್ಲ ಹಿಡಿಯಿತು, ಎರಡು ಬೆರಳುಗಳ ಚರ್ಮ ಇಂದಿಗೂ ಬಿಗಿಯಾಗಿದೆ.

ಮರುದಿನ ಉಳಿದ ಎಣ್ಣೆಯ ಸ್ವಲ್ಪ ಭಾಗವನ್ನು ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುವ ಸ್ನೇಹಿತರಿಗೆ ಒಪ್ಪಿಸಿದೆ. ಅವರು ಹೈಡ್ರೋಮೀಟರ್ ಇಳಿಬಿಟ್ಟು, ಉಷ್ಣತೆಯ ಲೆಕ್ಕ ಸರಿಪಡಿಸಿ ನೋಡಿದಾಗ ಸಾಂದ್ರತೆ 0.76ರ ಆಸುಪಾಸಿನಲ್ಲಿತ್ತು. ಸೀಮೆಎಣ್ಣೆಯ ಸಾಂದ್ರತೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಮಾನ್ಯವಾಗಿ 0.78ರಿಂದ 0.82ರವರೆಗೆ ಇರುತ್ತದೆ, ಪೆಟ್ರೋಲಿನದು 0.72ರಿಂದ 0.775ರವರೆಗೆ. ಅಂದರೆ ನಮಗೆ ಸೀಮೆಎಣ್ಣೆಯೆಂದು ಮಾರಿದ್ದರಲ್ಲಿ ಪೆಟ್ರೋಲಿನಂಥ ಹಗುರವಾದ ವಸ್ತು ಸಾಕಷ್ಟು ಸೇರಿತ್ತು.

ದುಬಾರಿ ಪೆಟ್ರೋಲನ್ನು ಸೀಮೆಎಣ್ಣೆಗೆ ಯಾರಾದರೂ ಬೆರೆಸುತ್ತಾರೆಯೇ ಎಂದು ಹಲವರು ಕೇಳಿದರು. ಬಂಕಿನಲ್ಲಿ ಕೊಂಡ ಪೆಟ್ರೋಲನ್ನು ಯಾರೂ ಬೆರೆಸುವುದಿಲ್ಲ. ಆದರೆ ಡೀಸೆಲ್ ಗಾಡಿಗೆ ತಪ್ಪಿ ತುಂಬಿ ಮತ್ತೆ ಇಳಿಸಿದ ಪೆಟ್ರೋಲು, ಬಿಡಿಭಾಗ ತೊಳೆದು ಬಿಟ್ಟ ಸಾಲ್ವೆಂಟು, ಪೇಂಟಿನ ಅಂಗಡಿಯಲ್ಲಿ ಉಳಿದ ಥಿನ್ನರು ಇವೆಲ್ಲ ಅಗ್ಗಕ್ಕೆ ಸಿಗುತ್ತವೆ. ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಥಿನ್ನರಿನಲ್ಲಿರುವ ಟಾಲ್ವೀನ್‌ನಂಥ ದ್ರವಗಳು ಸೀಮೆಎಣ್ಣೆಗಿಂತ ಭಾರವಾಗಿರುವುದರಿಂದ ಅವು ಬೆರೆತಾಗ ಸಾಂದ್ರತೆ ಇಳಿಯುವ ಬದಲು ಏರಬಹುದು. ಹೀಗಾಗಿ ಹೈಡ್ರೋಮೀಟರಿನಲ್ಲಿ ತಪ್ಪು ಅಂಕಿ ಬಂದರೆ ಆ ಎಣ್ಣೆ ಖಂಡಿತ ಬೇಡ, ಸರಿಯಾದ ಅಂಕಿ ಬಂದ ಮಾತ್ರಕ್ಕೆ ಅದು ಶುದ್ಧವೆಂದೂ ತಿಳಿಯಬಾರದು. ಪೆಟ್ರೋಲಿನ ಅಥವಾ ಪೇಂಟಿನ ವಾಸನೆ ಸ್ವಲ್ಪ ಬಂದರೂ ಆ ಕ್ಯಾನನ್ನು ಹಿಂದಕ್ಕೆ ಕಳಿಸಿ. ಕಡ್ಡಿ ಗೀರಿ ಪರೀಕ್ಷಿಸುವ ಅಭ್ಯಾಸ ಕೆಲವರಲ್ಲಿದೆ, ಅದನ್ನು ದಯವಿಟ್ಟು ಇಂದೇ ಬಿಡಿ.

ಕೊಂಚವೇ ಪೆಟ್ರೋಲು ಸೇರಿದರೆ ಇಷ್ಟು ಅನಾಹುತ ಏಕಾಗುತ್ತದೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ದ್ರವ ಇಂಧನವು ತಾನಾಗಿ ಉರಿಯುವುದಿಲ್ಲ, ಅದರ ಮೇಲ್ಮೈಯಿಂದ ಏಳುವ ಆವಿ ಉರಿಯುತ್ತದೆ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳಲು ಬೇಕಾದ ಕನಿಷ್ಠ ಉಷ್ಣತೆಗೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ನಮ್ಮ ದೇಶದ ಮಾನದಂಡದಂತೆ ಸೀಮೆಎಣ್ಣೆಗೆ ಅದು 35 ಡಿಗ್ರಿಗಿಂತ ಕಡಿಮೆ ಇರಕೂಡದು. ಪೆಟ್ರೋಲಿಗಾದರೋ ಅದು ಸೊನ್ನೆಗಿಂತ 40 ಡಿಗ್ರಿಯಷ್ಟು ಕೆಳಗಿದೆ. ಅಂದರೆ ಚಳಿಗಾಲದ ರಾತ್ರಿಯಲ್ಲಿ ಶುದ್ಧ ಸೀಮೆಎಣ್ಣೆಯ ಟ್ಯಾಂಕಿನೊಳಗೆ ಹೊತ್ತಿಕೊಳ್ಳುವಷ್ಟು ಆವಿ ಇರುವುದಿಲ್ಲ, ಪೆಟ್ರೋಲ್ ಬೆರೆತ ಟ್ಯಾಂಕಿನಲ್ಲಿ ಅದು ಸದಾ ಕಾಯುತ್ತಿರುತ್ತದೆ. ಬೆರಕೆಯಲ್ಲಿ ಸೀಮೆಎಣ್ಣೆಯ ಪಾಲೇ ಹೆಚ್ಚಿದ್ದರೂ ಮೊದಲು ಏಳುವುದು ಪೆಟ್ರೋಲಿನ ಆವಿ, ಅದಕ್ಕಾಗಿ ಶೇಕಡಾವಾರು ಲೆಕ್ಕ ಹಾಕಿ ಸಮಾಧಾನ ಪಡುವಂತಿಲ್ಲ. 1934ರ ಪೆಟ್ರೋಲಿಯಂ ಕಾಯ್ದೆಯೂ ಈ ಭೇದವನ್ನೇ ಆಧರಿಸಿದೆ. 23 ಡಿಗ್ರಿಗಿಂತ ಕಡಿಮೆ ಫ್ಲ್ಯಾಶ್ ಪಾಯಿಂಟ್ ಇರುವುದೆಲ್ಲ ಅತ್ಯಂತ ಅಪಾಯಕಾರಿಯಾದ ಎ ವರ್ಗಕ್ಕೆ ಸೇರುತ್ತದೆ, ಸೀಮೆಎಣ್ಣೆ ಮತ್ತು ಡೀಸೆಲ್ ಬಿ ವರ್ಗದಲ್ಲಿ ಬರುತ್ತವೆ.

ಡೀಸೆಲ್ ಗ್ಯಾರೇಜಿನಲ್ಲೇ ಸಿಗುವುದರಿಂದ ಅದನ್ನೇ ಹಾಕಿದರೇನು ಎಂಬ ಪ್ರಶ್ನೆಗೆ ಉತ್ತರ ಹೀಟರಿನ ಫಲಕದಲ್ಲಿದೆ. ಗಾಳಿ ತಳ್ಳುವ ಕೊಳವೆ ಹೀಟರುಗಳಲ್ಲಿ ಕೆಲವನ್ನು ಡೀಸೆಲಿಗೂ ಹೊಂದುವಂತೆ ಮಾಡಿರುತ್ತಾರೆ, ಫಲಕದಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ ಹಾಕಬಹುದು. ಆಗಲೂ ವಾಸನೆ ಮತ್ತು ಕಣ್ಣುರಿ ಸೀಮೆಎಣ್ಣೆಗಿಂತ ಹೆಚ್ಚು. ಬತ್ತಿಯ ಹೀಟರಿಗೆ ಡೀಸೆಲ್ ಸಲ್ಲದು. ಅದು ಬತ್ತಿಯಲ್ಲಿ ಸರಿಯಾಗಿ ಏರದೆ ತುದಿಯಲ್ಲಿ ಇದ್ದಲಿನಂತೆ ಕಟ್ಟಿಕೊಳ್ಳುತ್ತದೆ, ಉರಿ ಹಳದಿಯಾಗಿ ಮಸಿ ಕಾರುತ್ತದೆ, ಬತ್ತಿಯನ್ನು ಕೆಳಗಿಳಿಸಿ ಆರಿಸಲೂ ಕಷ್ಟವಾಗುತ್ತದೆ. ಹೊರದೇಶದಿಂದ ಬಂದ ಬತ್ತಿ ಹೀಟರುಗಳ ಪುಸ್ತಿಕೆಯಲ್ಲಿ ಒನ್-ಕೆ ಸೀಮೆಎಣ್ಣೆ ಎಂದಿರುತ್ತದೆ. ಅದು ಅಮೆರಿಕದ ದರ್ಜೆ, ಗಂಧಕದ ಅಂಶ ಶೇಕಡಾ 0.04ಕ್ಕಿಂತ ಹೆಚ್ಚಿರಬಾರದೆಂಬ ಮಿತಿ ಅದಕ್ಕಿದೆ. ಹೋದ ವರ್ಷ ಉಳಿದು ಹಳದಿಗೆ ತಿರುಗಿದ, ಕ್ಯಾನಿನ ತಳದಲ್ಲಿ ನೀರಿನ ಹನಿ ನಿಂತ ಸೀಮೆಎಣ್ಣೆಯನ್ನೂ ಹೀಟರಿಗೆ ಹಾಕಬಾರದು.

ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲನ್ನು ಉರಿಸುವುದು ನಮ್ಮ ಕಡೆಯ ಹಳೆಯ ಚಾಳಿ. ಸವೆತದಿಂದ ಬಂದ ಲೋಹದ ಕಣಗಳೂ ಆಯಿಲಿಗೆ ಸೇರಿಸಿದ ಸತುವಿನಂಥ ರಾಸಾಯನಿಕಗಳೂ ಆ ಹೊಗೆಯೊಂದಿಗೆ ನಮ್ಮ ಹುಡುಗರ ಪುಪ್ಪುಸಕ್ಕೆ ಇಳಿಯುತ್ತವೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡಬೇಕಾದದ್ದು.

ಗ್ಯಾಸ್ ಹೀಟರಿನಲ್ಲಿ ಮಸಿಯಿಲ್ಲ, ಚೆಲ್ಲುವ ಭಯವಿಲ್ಲ, ಆದ್ದರಿಂದ ಅನೇಕರು ಅದನ್ನು ನಿರಪಾಯವೆಂದು ಭಾವಿಸುತ್ತಾರೆ. ಗ್ಯಾರೇಜಿನಲ್ಲಿ ಮಾತ್ರ ಅದಕ್ಕೊಂದು ವಿಶೇಷವಾದ ಅಪಾಯವಿದೆ, ಅದು ಲಾರಿಯ ಅಡಿಗೆ ನಿಂತು ಕೆಲಸ ಮಾಡುವ ಗುಂಡಿ. ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಅನಿಲ ಮೇಲೇರಿ ಹೋಗದೆ ನೆಲ ಹಿಡಿದು ಹರಿದು ಗುಂಡಿಗಿಳಿದು ಅಲ್ಲಿಯೇ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 2ರ ಸುಮಾರಿಗೆ ಬಂದರೆ ಸಾಕು, ಗುಂಡಿಯೊಳಗಿನ ಕೈದೀಪದ ಸಡಿಲ ವೈರಿನ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲಿನ ಆವಿಯ ಗುಣವೂ ಹೀಗೆಯೇ. ಗುಂಡಿಯ ಬಳಿ ಯಾವ ಹೀಟರೂ ಇರಕೂಡದು, ಸಿಲಿಂಡರಂತೂ ಇರಲೇಬಾರದು. ಮನೆಯ 14.2 ಕಿಲೋ ಸಿಲಿಂಡರನ್ನು ಗ್ಯಾರೇಜಿನಲ್ಲಿ ಬಳಸುವುದು ಕಾನೂನಿಗೆ ವಿರುದ್ಧ, 19 ಕಿಲೋದ ವಾಣಿಜ್ಯ ಸಿಲಿಂಡರನ್ನೇ ಹೀಟರಿಗೆ ಹೇಳಿದ ರೆಗ್ಯುಲೇಟರಿನೊಂದಿಗೆ, ನೆಟ್ಟಗೆ ನಿಲ್ಲಿಸಿ ಬಳಸಬೇಕು. ದೊಡ್ಡ ಹೀಟರು ವೇಗವಾಗಿ ಅನಿಲ ಎಳೆದಾಗ ಸಿಲಿಂಡರ್ ತಣ್ಣಗಾಗಿ ಮೈಮೇಲೆ ಮಂಜು ಕಟ್ಟುತ್ತದೆ, ಉರಿ ಇಳಿಯುತ್ತದೆ. ಆಗ ಬಿಸಿನೀರು ಸುರಿಯುವವರನ್ನೂ ಹೀಟರಿನ ಮುಂದೆಯೇ ಸಿಲಿಂಡರ್ ಇಡುವವರನ್ನೂ ಕಂಡಿದ್ದೇನೆ, ಅದು ಪ್ರಾಣಕ್ಕೆ ಎರವಾಗುವ ಕೆಲಸ. ಅನಿಲ ಸೋರಿಕೆಯ ತುರ್ತು ಕರೆಗೆ 1906 ಇದೆ, ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿಡಿ.

ಇದ್ದಿಲಿನ ಶಿಗಡಿಯನ್ನು ಶಟರ್ ಇಳಿಸಿದ ಶೆಡ್ಡಿನಲ್ಲಿ ಇಟ್ಟುಕೊಂಡು ಮಲಗುವ ಕಾವಲುಗಾರರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚಿನ ಕಳವಳವಿದೆ. ಕೆಂಡದಿಂದ ಏಳುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ತಲೆಶೂಲೆ, ವಾಕರಿಕೆ, ತಲೆಸುತ್ತು ಇವು ಮೊದಲ ಸೂಚನೆಗಳು. ನಿದ್ರೆಯಲ್ಲಿರುವವರಿಗೆ ಅವು ತಿಳಿಯುವುದೇ ಇಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸದೆ ಎಲ್ಲವೂ ಸರಿಯಿದೆಯೆಂದು ತೋರಿಸಬಹುದು, ಅದನ್ನು ನಂಬಿ ಕೂರಬೇಡಿ. ಅಸ್ವಸ್ಥರಾದವರನ್ನು ತಕ್ಷಣ ಬಯಲಿಗೆ ತಂದು, 112ಕ್ಕೆ ಕರೆ ಮಾಡಿ, ಆಮ್ಲಜನಕ ಕೊಡುವ ಆಸ್ಪತ್ರೆಗೆ ಸೇರಿಸಬೇಕು.

ಶುದ್ಧ ಸೀಮೆಎಣ್ಣೆಯ ಹೀಟರಿಗೂ ಇದೇ ಕಾರಣಕ್ಕೆ ಗಾಳಿ ಬೇಕು. ಒಂದು ಲೀಟರ್ ಸೀಮೆಎಣ್ಣೆ ಪೂರ್ಣವಾಗಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಖರ್ಚಾಗುತ್ತದೆ, ಗಾಳಿ ಸಾಲದಾದಾಗ ಮೋನಾಕ್ಸೈಡ್ ಹುಟ್ಟುತ್ತದೆ. ಆ ಒಂದು ಲೀಟರಿನಿಂದ ಸರಿಸುಮಾರು ಒಂದು ಲೀಟರಿನಷ್ಟು ನೀರು ಕೂಡ ಆವಿಯಾಗಿ ಶೆಡ್ಡಿನೊಳಗೆ ಸೇರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಬೆಳಿಗ್ಗೆ ತಗಡಿನಿಂದ ಹನಿಯುವ ನೀರೂ ಹೊಸ ಪೇಂಟಿನ ಮೇಲೆ ಕಟ್ಟುವ ಬಿಳಿ ಮಬ್ಬೂ ಅದರಿಂದಲೇ. ಪೇಂಟ್ ಹೊಡೆಯುವ ಜಾಗದಲ್ಲಿ ಉರಿಯುವ ಹೀಟರನ್ನು ಇಡಲೇಬಾರದು, ಅಲ್ಲಿ ಥಿನ್ನರಿನ ಆವಿ ಮೊದಲೇ ತುಂಬಿರುತ್ತದೆ. ನಾವು ಈಗ ಕೈ ಕಾಯಿಸಿಕೊಳ್ಳಲು ವಿದ್ಯುತ್ತಿನ ಇನ್‌ಫ್ರಾರೆಡ್ ಹೀಟರನ್ನು ಬಳಸುತ್ತಿದ್ದೇವೆ. ಎರಡು ಕಿಲೋವಾಟಿನದು ಗಂಟೆಗೆ ಎರಡು ಯೂನಿಟ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್ ಸಾಕೆಟ್ ಬೇಕು, ತೆಳುವಾದ ಎಕ್ಸ್‌ಟೆನ್ಷನ್ ವೈರು ಸಾಲದು.

ಸೀಮೆಎಣ್ಣೆಯನ್ನೇ ಬಳಸುವವರು ಬಿಲ್ಲು ಕೊಡುವ ಅಂಗಡಿಯಿಂದ ಮಾತ್ರ ತನ್ನಿ, ಪೆಟ್ರೋಲು ಎಂದೂ ತುಂಬಿರದ ಪ್ರತ್ಯೇಕ ಕ್ಯಾನಿನಲ್ಲಿ ತನ್ನಿ, ಕ್ಯಾನಿನ ಮೇಲೆ ಅಳಿಸದ ಬಣ್ಣದಲ್ಲಿ ಅದರ ಹೆಸರು ಬರೆಸಿ. ಹೀಟರು ಆರಿ ಪೂರ್ತಿ ತಣ್ಣಗಾದ ಮೇಲೆ, ಸಾಧ್ಯವಾದರೆ ಶೆಡ್ಡಿನ ಹೊರಗೆ ಎಣ್ಣೆ ತುಂಬಿಸಿ. ಎಣ್ಣೆಯ ಬೆಂಕಿಗೆ ನೀರು ಎರಚಬೇಡಿ, ಪುಡಿಯ ಸಿಲಿಂಡರು ಮತ್ತು ಮರಳಿನ ಬಕೆಟ್ಟು ಬಾಗಿಲ ಬಳಿಯಿರಲಿ, ಉರಿಯುತ್ತಿರುವ ಹೀಟರನ್ನು ಎಳೆದು ಹೊರಗೆ ಹಾಕುವ ಸಾಹಸ ಬೇಡ.

ನಮಗೆ ಬೆರಕೆ ಎಣ್ಣೆ ಮಾರಿದವನು ಗಾಡಿಯ ಮೇಲೆ ಅಡುಗೆ ಎಣ್ಣೆಯ ಹಳೆಯ ಬಿಳಿ ಕ್ಯಾನುಗಳನ್ನಿಟ್ಟುಕೊಂಡು ಸಂಜೆಯ ಮೇಲೆ ಬರುತ್ತಾನೆ, ಪೇಟೆಯ ದರಕ್ಕಿಂತ ಕಡಿಮೆ ಹೇಳುತ್ತಾನೆ, ಬಿಲ್ಲು ಕೊಡುವುದಿಲ್ಲ. ಆಹಾರ ಇಲಾಖೆಗೂ ಪೊಲೀಸರಿಗೂ ನಾವು ಲಿಖಿತ ದೂರು ಕೊಟ್ಟಿದ್ದೇವೆ. ನಿಮಗೂ ಇಂಥ ಎಣ್ಣೆ ಬಂದಿದ್ದರೆ ಅದನ್ನು ಗಟಾರಕ್ಕೆ ಚೆಲ್ಲದೆ, ಬೆಂಕಿಯಿಂದ ದೂರ ಬಿಗಿಯಾಗಿ ಮುಚ್ಚಿಟ್ಟು, ತಂದ ದಿನಾಂಕ ಮತ್ತು ಗಾಡಿಯ ನಂಬರನ್ನು ಬರೆದಿಟ್ಟುಕೊಂಡು ನೀವೂ ದೂರು ಕೊಡಿ. ಗ್ರಾಹಕರ ಸಹಾಯವಾಣಿ 1915ಕ್ಕೂ ತಿಳಿಸಬಹುದು. ಒಂದೇ ಗ್ಯಾರೇಜಿನ ದೂರಿಗಿಂತ ಹತ್ತು ಗ್ಯಾರೇಜುಗಳ ದೂರಿಗೆ ಅಧಿಕಾರಿಗಳು ಬೇಗ ಕದಲುತ್ತಾರೆ.