ಚಿನ್ನ ಮುಚ್ಚಿ ನೋಡಿ: ಅಂಗಡಿಯ ಮೈಸೂರು ಚಿತ್ರ ಹೇಗಿದೆ?

ಚಿತ್ರವೊಂದನ್ನು ‘ಚೆನ್ನಾಗಿದೆ’ ಅನ್ನಲು ನಮ್ಮ ಕಲಾವಿಮರ್ಶಕರಿಗೆ ಈಗೀಗ ನಾಚಿಕೆ. ಇತಿಹಾಸ, ರಾಜಕೀಯ, ಮಾರುಕಟ್ಟೆ ಎಲ್ಲದರ ಮಾತು ಬರುತ್ತದೆ, ಕಣ್ಣಿಗಾದ ಸುಖದ ಮಾತು ಮಾತ್ರ ಇಲ್ಲ. ಅಂಗಡಿಯವರಿಗೆ ಆ ನಾಚಿಕೆ ಇಲ್ಲ, ಹೊಳೆದದ್ದೆಲ್ಲ ಚೆಂದ. ಮೈಸೂರು ಸಾಂಪ್ರದಾಯಿಕ ಚಿತ್ರ ಕೊಳ್ಳುವವರಿಗೆ ಇವರಿಬ್ಬರಿಂದಲೂ ಪ್ರಯೋಜನವಿಲ್ಲ. ಸುಖ ಸಿಕ್ಕಿತು ಸರಿ, ಅದು ಚಿತ್ರದ ಯಾವ ಕೆಲಸದಿಂದ ಸಿಕ್ಕಿತು ಎಂದು ಬೆರಳಿಟ್ಟು ತೋರಿಸಲು ಬರಬೇಕು.

ಹೆಚ್ಚಾಗಿ ಮಾರಾಟಕ್ಕಿರುವ 10×12 ಇಂಚಿನ ಗಜಲಕ್ಷ್ಮಿಯನ್ನೇ ತೆಗೆದುಕೊಳ್ಳಿ. ಅಂಗಡಿಯ ಸ್ಪಾಟ್‌ಲೈಟಿನ ಕೆಳಗೆ ಎಲ್ಲವೂ ಮಿರಮಿರ. ಚಿತ್ರವನ್ನು ಕಿಟಕಿಯ ಹತ್ತಿರ ಒಯ್ದು, ಬೆಳಕು ಪಕ್ಕದಿಂದ ಬೀಳುವಂತೆ ಓರೆ ಹಿಡಿಯಿರಿ. ಕಿರೀಟ, ಒಡವೆ, ಪ್ರಭಾವಳಿಯ ಉಬ್ಬುಗೆರೆಗಳಿಗೆ ಸಣ್ಣ ನೆರಳು ಮೂಡಬೇಕು. ಈ ಉಬ್ಬಿಗೆ ಜೆಸ್ಸೊ ಅನ್ನುತ್ತಾರೆ. ಸಫೇದ ಎಂಬ ಬಿಳಿ ಪುಡಿ, ಗೋಂದು, ಜೊತೆಗೆ ಹಳದಿಗೆ ರೇವಲ್‌ಚಿನ್ನಿ ಎಂಬ ಮರದಂಟು ಕಲಸಿ ಕುಂಚದಲ್ಲೇ ಪದರ ಪದರವಾಗಿ ಕೂರಿಸುವ ಕೆಲಸ. ಇದರ ಮೇಲೆ ಅಂಟಿಸುವ ಚಿನ್ನದ ತೆಳು ಹಾಳೆ, ಅಂದರೆ ರೇಕು, ಎಲ್ಲಾದರೂ ಕೂದಲೆಳೆಯಷ್ಟು ಬಿಟ್ಟುಹೋದರೂ ಕೆಳಗಿನ ಹಳದಿ ಅದನ್ನು ಮರೆಸುತ್ತದೆ. ಗೋಂದು ಹೆಚ್ಚಾದರೆ ಒಣಗುವಾಗ ಕುಗ್ಗಿ ಸೀಳು ಬಿಡುತ್ತದೆ, ಕಡಿಮೆಯಾದರೆ ಪುಡಿ ಉದುರುತ್ತದೆ. ರೇಕು ಕೂರಿಸುವ ಹೊತ್ತಿಗೆ ಅಂಟು ತೀರಾ ಹಸಿಯಾಗಿದ್ದರೆ ಚಿನ್ನ ಮಂಕು, ಒಣಗಿಹೋಗಿದ್ದರೆ ಅಂಚು ಕಿತ್ತುಬರುತ್ತದೆ. ಓರೆ ಬೆಳಕಿನಲ್ಲಿ ಈ ನಾಲ್ಕೂ ಸಿಕ್ಕಿಬೀಳುತ್ತವೆ.

ಉಬ್ಬು ದಪ್ಪಗಿದ್ದು ಕಲ್ಲು ಕೂರಿಸಿದ್ದರೆ ಅದು ತಂಜಾವೂರಿನ ದಾರಿ. ಅದರ ಸೊಗಸು ಬೇರೆ. ಮೈಸೂರಿನ ಹೆಸರಲ್ಲಿ ಅದನ್ನು ಮಾರಿದರೆ ಒಪ್ಪಬೇಡಿ. ಇಲ್ಲಿಯ ಉಬ್ಬು ತೆಳು, ಬೆರಳಿಗಿಂತ ಮೊದಲು ಕಣ್ಣಿಗೆ ತಿಳಿಯುವಂಥದ್ದು.

ಮುಖ್ಯ ಪರೀಕ್ಷೆ ಈಗ. ನಾಲ್ಕು ಕಾಗದದ ಪಟ್ಟಿಗಳಿಂದ ಚಿನ್ನವಿರುವ ಕಡೆಯನ್ನೆಲ್ಲ ಮುಚ್ಚಿ. ಮುಖ, ಬೆರಳುಗಳು, ಸೀರೆಯ ನೆರಿಗೆ, ಹಿಂದಿನ ಆಕಾಶ ಉಳಿಯುತ್ತವೆ. ಹುಬ್ಬು ನೋಡಿ: ಒಂದೇ ಎಳೆತದಲ್ಲಿ ಬಂದ ಗೆರೆ ನಡುವೆ ತುಂಬಿಕೊಂಡು ತುದಿಯಲ್ಲಿ ಸಣ್ಣಗಾಗಿ ಕರಗುತ್ತದೆ. ತುಂಡು ತುಂಡಾಗಿ ಕೂಡಿಸಿದ ಹುಬ್ಬು ಉದ್ದಕ್ಕೂ ಒಂದೇ ದಪ್ಪ, ಮುಖಕ್ಕೆ ಅಂಟಿಸಿದಂತಿರುತ್ತದೆ. ಕಮಲ ಹಿಡಿದ ಬೆರಳುಗಳಲ್ಲಿ ಹಿಡಿತ ಇದೆಯೇ, ಹೂವು ಸುಮ್ಮನೆ ಅಂಗೈ ಮೇಲೆ ತೇಲುತ್ತಿದೆಯೇ? ಎರಡು ಆನೆಗಳೂ ಒಂದೇ ಅಚ್ಚಿನವಾದರೆ ಕಣ್ಣು ಎರಡನೆಯದರ ಮೇಲೆ ನಿಲ್ಲುವುದೇ ಇಲ್ಲ. ಒಂದರ ಸೊಂಡಿಲು ಚೂರು ಬೇರೆ ಬಾಗಿದ್ದರೂ ಸಾಕು, ನೋಟ ಅತ್ತಿತ್ತ ಓಡಾಡುತ್ತದೆ. ಚಿನ್ನವಿಲ್ಲದೆಯೂ ಒಂದೆರಡು ನಿಮಿಷ ನೋಡಬೇಕೆನಿಸಿದರೆ ಮಾತ್ರ ಚಿನ್ನಕ್ಕೆ ಹಣ ಕೊಡಿ.

‘ಲಕ್ಷಣ ಸರಿಯಿದೆ, ಶ್ರೀತತ್ತ್ವನಿಧಿಯಲ್ಲಿ ಹೀಗೇ ಇದೆ’ ಎಂಬ ಮಾತೂ ಕೇಳಿಬರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆ ಗ್ರಂಥದಿಂದ ದೇವತೆಯ ಬಣ್ಣ, ಕೈಗಳು, ಆಯುಧಗಳು ಗೊತ್ತಾಗುತ್ತವೆ. ಗೆರೆಗೆ ಜೀವ ಬಂದಿದೆಯೋ ಇಲ್ಲವೋ ಅನ್ನುವುದು ಕೈಯ ಲೆಕ್ಕ. ಇನ್ನು ಭಕ್ತಿ. ಇಷ್ಟದೈವವನ್ನು ಕಂಡು ಕಣ್ಣು ತುಂಬಿಕೊಂಡರೆ ಆ ಸಂತೋಷ ನಿಜವೇ, ಆದರೆ ಕ್ಯಾಲೆಂಡರ್ ಚಿತ್ರವೂ ಅದನ್ನು ಕೊಡುತ್ತದೆ. ರಸದ ಬಗ್ಗೆ ಬರೆದ ಕಾಶ್ಮೀರದ ಹಳೆಯ ಮೀಮಾಂಸಕ ಅಭಿನವಗುಪ್ತ ಹೇಳುವ ಏಳು ರಸವಿಘ್ನಗಳಲ್ಲಿ, ಅಂದರೆ ಕಲೆಯ ಸವಿಗೆ ಬರುವ ಅಡ್ಡಿಗಳಲ್ಲಿ, ತನ್ನದೇ ಸುಖದುಃಖಕ್ಕೆ ವಶವಾಗಿರುವುದೂ ಒಂದು. ಚಿತ್ರವನ್ನು ತಲೆಕೆಳಗಾಗಿಸಿ ನೋಡಿ. ದೇವರು ಮರೆಯಾಗಿ ಬಣ್ಣ, ಗೆರೆ, ಖಾಲಿ ಜಾಗದ ಹೊಂದಿಕೆ ಉಳಿಯುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಮಾರುವ ಸರಕು ಮೂರು ಬಗೆ. ಪ್ರಿಂಟ್ ಮೇಲೆ ಅಕ್ರಿಲಿಕ್ ಗೆರೆ ಎಳೆದು ಫಾಯಿಲ್ ಅಂಟಿಸಿದ್ದು ಉಡುಗೊರೆ ಸಾಮಾನಷ್ಟೆ. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಮುಖದ ಮೇಲೆ ಶಾಯಿಯ ಚುಕ್ಕೆಗಳು ಕಾಣುತ್ತವೆ. ಕೈಯಲ್ಲೇ ಬರೆದು ತಾಮ್ರ-ಸತುವಿನ ರೇಕು ಹಚ್ಚಿದ್ದರ ಅಂಚು ತೇವಕ್ಕೆ ಕ್ರಮೇಣ ಕಂದುತ್ತದೆ. ಆದರೂ ಗೆರೆ ಗಟ್ಟಿಯಿದ್ದರೆ ನನ್ನ ಓಟು ಅದಕ್ಕೇ, ಸೋತ ಮುಖದ ಮೇಲಿನ ಅಪ್ಪಟ ಚಿನ್ನಕ್ಕಲ್ಲ. ಮೂರನೆಯದು 22–24 ಕ್ಯಾರೆಟ್ ರೇಕಿನದು. ಮೈಸೂರು ಚಿತ್ರಕಲೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ಆದರೆ ಆ ಚೀಟಿ ಹುಬ್ಬಿನ ಗೆರೆಗೆ ಜಾಮೀನು ನಿಲ್ಲುವುದಿಲ್ಲ.

ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ಮೂರು ನಾಲ್ಕು ಮಿಲಿಮೀಟರ್ ಅಂತರ ಬಿಡಿಸಿ, ತಾಗಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ದೀಪದ ಮಸಿ ತಾಗುವ ಕಡೆ ಬೇಡ. ಚಿನ್ನದ ಮೇಲೆ ಒದ್ದೆ ಬಟ್ಟೆ ಆಡಿಸಲೇಬೇಡಿ. ರೇಕು ಯಾವುದು, ಎಷ್ಟು ಕ್ಯಾರೆಟ್ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.