ಸಿಂಗಲ್‌ಗಳಲ್ಲೇ ಬೆಳೆದ ತಂಡ: ಎ.ಆರ್. ಕೇನ್ ಸಂಕಲನ

ಮಸುಕಾದ ಗಿಟಾರ್ ನಾದ, ತೇಲುವ ದನಿಗಳ ಸಂಗೀತವಾದ ಡ್ರೀಮ್ ಪಾಪ್ ಎಂದೊಡನೆ ಕಾಕ್ಟೋ ಟ್ವಿನ್ಸ್, ಸ್ಲೋಡೈವ್ ಮುಂತಾದ ತಂಡಗಳು ನೆನಪಾಗುತ್ತವೆಯೇ ಹೊರತು, ಆ ಹೆಸರನ್ನು ಚಾಲ್ತಿಗೆ ತಂದವರೆಂದೇ ಹೇಳಲಾಗುವ ಅಲೆಕ್ಸ್ ಅಯೂಲಿ ಮತ್ತು ಅವರ ಜೊತೆಗಾರ ರೂಡಿ ತಂಬಾಲಾ ಅವರನ್ನು ನೆನೆಯುವವರು ವಿರಳ. ಪೂರ್ವ ಲಂಡನ್ನಿನಲ್ಲಿ ಬಾಲ್ಯದಿಂದಲೂ ಗೆಳೆಯರಾಗಿದ್ದ ಈ ಇಬ್ಬರು ಕಪ್ಪು ಯುವಕರು ಕಟ್ಟಿದ ಎ.ಆರ್. ಕೇನ್ ತಂಡದ ಸಿಂಗಲ್‌ಗಳನ್ನು, ಅಂದರೆ ಬಿಡಿಯಾಗಿ ಬಿಡುಗಡೆಯಾದ ಹಾಡುಗಳನ್ನು, ಒನ್ ಲಿಟಲ್ ಇಂಡಿಯನ್ ಸಂಸ್ಥೆ 2012ರಲ್ಲಿ ‘ಕಂಪ್ಲೀಟ್ ಸಿಂಗಲ್ಸ್ ಕಲೆಕ್ಷನ್’ ಎಂಬ ಎರಡು ಸಿ.ಡಿ.ಗಳ ಸಂಕಲನವಾಗಿ ಹೊರತಂದಿತು. ಇದನ್ನು ಅನುಕ್ರಮವಾಗಿ ಕೇಳಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಈ ತಂಡ ತನ್ನ ಹೊಸ ಪ್ರಯೋಗಗಳನ್ನೆಲ್ಲ ಮೊದಲು ಮಾಡಿ ನೋಡಿದ್ದು ಮೂರು ನಾಲ್ಕು ಹಾಡುಗಳ ಪುಟ್ಟ ಧ್ವನಿಮುದ್ರಿಕೆಗಳಾದ ಇ.ಪಿ.ಗಳಲ್ಲಿ.

1986ರ ‘ವೆನ್ ಯು ಆರ್ ಸ್ಯಾಡ್’ ಹಾಡಿನಲ್ಲಿ ಒಂದು ಸರಳವಾದ, ಸಿಹಿಯಾದ ಧಾಟಿಯ ಮೇಲೆ ಗಿಟಾರಿನ ಗದ್ದಲ ಕವಿದಿದೆ. ಅದನ್ನು ಕೇಳಿದ ಅಂದಿನ ಪತ್ರಿಕೆಗಳು ಇವರನ್ನು, ಸಿಹಿ ಧಾಟಿಗೆ ಗಿಟಾರಿನ ಗದ್ದಲ ಬೆರೆಸುತ್ತಿದ್ದ ಸ್ಕಾಟಿಷ್ ತಂಡವೊಂದರ ಹೆಸರಿನಿಂದ, ‘ಕಪ್ಪು ಜೀಸಸ್ ಆ್ಯಂಡ್ ಮೇರಿ ಚೈನ್’ ಎಂದು ಕರೆದು ಕೈತೊಳೆದುಕೊಂಡವು. ಆ ಅವಸರದ ತೀರ್ಮಾನ ಎಷ್ಟು ಪೊಳ್ಳೆಂಬುದು ಮರುವರ್ಷದ ‘ಲೊಲಿಟಾ’ ಇ.ಪಿ.ಯಲ್ಲೇ ತಿಳಿಯುತ್ತದೆ. ಕಾಕ್ಟೋ ಟ್ವಿನ್ಸ್‌ನ ರಾಬಿನ್ ಗತ್ರಿ ನಿರ್ಮಿಸಿದ ಈ ಮೂರು ಹಾಡುಗಳು ಸಂಕಲನದ ಎದೆಯ ಭಾಗವೆಂದೇ ನನ್ನ ಅಭಿಪ್ರಾಯ. ಶೀರ್ಷಿಕೆ ಗೀತೆ ಲಾಲಿಯ ಮೃದುತ್ವದಲ್ಲಿ ಸಾಗುತ್ತಿರುವಾಗಲೇ ಫೀಡ್‌ಬ್ಯಾಕ್‌ನ, ಅಂದರೆ ಸ್ಪೀಕರಿನ ಸದ್ದು ಗಿಟಾರಿಗೆ ಮರಳಿ ಎಬ್ಬಿಸುವ ಕಿರುಚು ನಾದದ, ಅಲೆ ನುಗ್ಗಿ ದನಿಯನ್ನು ಮುಳುಗಿಸುತ್ತದೆ. ‘ಬಟರ್‌ಫ್ಲೈ ಕಲೆಕ್ಟರ್’ ಹಾಡಿನಲ್ಲಂತೂ ಪ್ರೀತಿಯೂ ಹಿಂಸೆಯೂ ಬೇರೆಬೇರೆಯೆಂದು ಗುರುತಿಸಲಾಗದಷ್ಟು ಹತ್ತಿರ ಬಂದು ನಿಲ್ಲುತ್ತವೆ. ಡ್ರೀಮ್ ಪಾಪ್ ಎಂದರೆ ಹಿತವಾದ ಮಂಪರು ಎಂದುಕೊಂಡವರು ಇಲ್ಲಿ ಬೆಚ್ಚಿಬೀಳುವುದು ಖಂಡಿತ.

ಅದೇ 1987ರಲ್ಲಿ ಕಲರ್‌ಬಾಕ್ಸ್ ತಂಡದೊಡನೆ ಸೇರಿ ಮಾರ್ಸ್ ಎಂಬ ಹೆಸರಿನಲ್ಲಿ ತಂದ ‘ಪಂಪ್ ಅಪ್ ದ ವಾಲ್ಯೂಮ್’ ಬ್ರಿಟನ್ನಿನ ಸಿಂಗಲ್‌ಗಳ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಹಾಡಿನಲ್ಲಿ ಇವರ ಪಾಲು ಅಲ್ಪವೇ ಆಗಿದ್ದರೂ ಇವರ ಹೆಸರು ಇಂದಿಗೂ ಹೆಚ್ಚಾಗಿ ಉಳಿದಿರುವುದು ಅದರ ಅಡಿಟಿಪ್ಪಣಿಯಾಗಿ ಎಂಬುದು ವಿಪರ್ಯಾಸ.

ರಫ್ ಟ್ರೇಡ್ ಸಂಸ್ಥೆಗೆ ಬಂದ ಮೇಲೆ 1988ರಲ್ಲಿ ಹೊರಬಂದ ‘ಅಪ್ ಹೋಮ್!’ ಇ.ಪಿ.ಯ ‘ಬೇಬಿ ಮಿಲ್ಕ್ ಸ್ನ್ಯಾಚರ್’ ಹಾಡಿಗಾಗಿಯೇ ಈ ಸಂಕಲನವನ್ನು ಕೊಳ್ಳಬಹುದು. 1971ರಲ್ಲಿ ಶಿಕ್ಷಣ ಸಚಿವೆಯಾಗಿದ್ದಾಗ ಏಳು ವರ್ಷ ಮೀರಿದ ಶಾಲಾಮಕ್ಕಳ ಉಚಿತ ಹಾಲನ್ನು ನಿಲ್ಲಿಸಿದ ಮಾರ್ಗರೆಟ್ ಥ್ಯಾಚರ್ ಅವರಿಗೆ ಜನರಿಟ್ಟ ‘ಮಿಲ್ಕ್ ಸ್ನ್ಯಾಚರ್’ (ಹಾಲು ಕಸಿದವಳು) ಎಂಬ ಅಡ್ಡಹೆಸರಿನ ನೆರಳು ಶೀರ್ಷಿಕೆಯಲ್ಲಿದೆ. ಆದರೆ ಹಾಡು ಘೋಷಣೆ ಕೂಗುವುದಿಲ್ಲ. ರೆಗೆಯಿಂದ ಹುಟ್ಟಿದ, ಜಮೈಕಾದ ಡಬ್ ಸಂಗೀತದಿಂದ ಬಂದ ಬೇಸ್ ನಿಧಾನವಾಗಿ, ಭಾರವಾಗಿ ನಡೆಯುತ್ತದೆ. ಅದರ ಮೇಲೆ ಗಿಟಾರಿನ ಸ್ವರಗಳು ಒದ್ದೆ ಗೋಡೆಯ ಮೇಲಿನ ಬಣ್ಣದಂತೆ ಅಂಚು ಕಳೆದುಕೊಂಡು ಹರಡುತ್ತವೆ. ಹಾಡುವ ದನಿ ಎಲ್ಲಿಯೂ ಏರುವುದಿಲ್ಲ. ಇಂಥ ಮಸುಕಾದ ಗಿಟಾರ್ ನಾದಕ್ಕೆ ಮುಂದೆ ಹೆಸರಾದ ಮೈ ಬ್ಲಡಿ ವ್ಯಾಲಂಟೈನ್ ತಂಡದ ಮೊದಲ ಪೂರ್ಣ ಆಲ್ಬಮ್ ಬರುವುದಕ್ಕೆ ಮುಂಚೆಯೇ ಇದು ಬಂದಿತ್ತೆಂಬುದನ್ನು ಗಮನಿಸಬೇಕು.

ಎರಡನೆಯ ಸಿ.ಡಿ. ಈ ಎತ್ತರದಲ್ಲಿಲ್ಲ. ‘ಎ ಲವ್ ಫ್ರಮ್ ಔಟರ್ ಸ್ಪೇಸ್’ ಮಾತ್ರ ಅಪ್ಪಟ ನೃತ್ಯಗೀತೆಯಾಗಿ ಇಂದಿಗೂ ತಾಜಾ ಆಗಿದೆ. ಡಿ.ಜೆ.ಗಳಾದ ಆ್ಯಂಡ್ರೂ ವೆದರಾಲ್ ಮತ್ತು ಶಾನ್ ಜಾನ್ಸ್‌ಟನ್ ತಮ್ಮ ಕ್ಲಬ್ ರಾತ್ರಿಗಳಿಗೆ ಇದೇ ಹೆಸರನ್ನು ಇಟ್ಟುಕೊಂಡರು. 1994ರ ವೇಳೆಯ ಹಾಡುಗಳು ನುಣುಪಾಗಿವೆ, ಆದರೆ ಮೊದಲಿನ ಅಪಾಯ ಅವುಗಳಲ್ಲಿಲ್ಲ. ಕೆಲವನ್ನು ನಾನು ದಾಟಿಸಿಯೇ ಕೇಳುತ್ತೇನೆ. ಎಲ್ಲ ಸಿಂಗಲ್‌ಗಳನ್ನೂ ಕೊಡಹೊರಟ ಸಂಕಲನ ಇದಾದ್ದರಿಂದ ಈ ಇಳಿಜಾರನ್ನು ಆಕ್ಷೇಪಿಸುವಂತಿಲ್ಲ.

ನಿಜವಾದ ಕೊರತೆ ಬೇರೆಯದು. 1988ರ ‘69’ ಆಲ್ಬಮ್‌ನ ‘ಕ್ರೇಜಿ ಬ್ಲೂ’, ‘ದ ಸನ್ ಫಾಲ್ಸ್ ಇಂಟು ದ ಸೀ’ಯಂಥ ಹಾಡುಗಳು ಸಿಂಗಲ್ ಆಗಿರದ ಕಾರಣಕ್ಕೇ ಇಲ್ಲಿಲ್ಲ. ಮೊದಲ ಸಿ.ಡಿ. ಹಿಡಿಸಿದವರು 2023ರಲ್ಲಿ ರಾಕೆಟ್ ಗರ್ಲ್ ಸಂಸ್ಥೆ ‘69’, ‘ಐ’ ಆಲ್ಬಮ್‌ಗಳನ್ನೂ ‘ಅಪ್ ಹೋಮ್!’ ಇ.ಪಿ.ಯನ್ನೂ ಒಟ್ಟುಗೂಡಿಸಿ ತಂದ ಪೆಟ್ಟಿಗೆಯನ್ನು ಹುಡುಕಿಕೊಳ್ಳುವುದು ಒಳ್ಳೆಯದು.